ಮಾರಬಾರದ ಭೂಮಿ ಯಾರಿಗಾಗಿ?

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ವಾರಸಾಗಿ ಬಂದ ಭೂಮಿಯನ್ನು ವಾರಸುದಾರ ಮಾರಬಹುದೇ ಎಂದು ಕೇಳುವ ಮುನ್ನ, ಮಾರಬೇಡವೆಂದು ಕಟ್ಟು ಹಾಕಿದವರು ಯಾರು, ಯಾರಿಗಾಗಿ ಎಂದು ನಾವು ಕೇಳಬೇಕು.

ಇಂಗ್ಲೆಂಡಿನಲ್ಲಿ 1285ರ ಶಾಸನ ಈ ಕಟ್ಟನ್ನು ಬಿಗಿಗೊಳಿಸಿತು. ಭೂಮಿ ಕೊಟ್ಟವನು ಹೇಳಿದ ವಂಶದಲ್ಲೇ ಅದು ಇಳಿಯಬೇಕು. ಅಪ್ಪ ಮಾರಿದರೆ, ಅವನು ಸತ್ತ ಮೇಲೆ ಮಗ ದಾವೆ ಹೂಡಿ ಬಿಡಿಸಿಕೊಳ್ಳಬಹುದು. ಹದಿನೈದನೆಯ ಶತಮಾನದ ವೇಳೆಗೆ ವಕೀಲರು ಸುಳ್ಳು ದಾವೆಯ ಉಪಾಯ ಕಂಡುಕೊಂಡರು: ಕೊಳ್ಳುವವನ ಕಡೆಯವನು ವಾದಿ, ಮಾರುವವನು ಬೇಕೆಂದೇ ಸೋಲುವವನು. ಜಮೀನ್ದಾರರು ಸುಮ್ಮನಿರಲಿಲ್ಲ, ಇನ್ನೂ ಹುಟ್ಟದ ಮಗನಿಗೂ ಆಸ್ತಿ ಕಟ್ಟಿಟ್ಟರು. ಗೇಣಿ ತಿನ್ನುವ ಮನೆತನಗಳು ಉಳಿದವು. ಉತ್ತವನಿಗೆ ಗೇಣು ನೆಲವೂ ದಕ್ಕಲಿಲ್ಲ. 1882ರ ಕಾಯಿದೆ ಮಾರಾಟಕ್ಕೆ ಬಿಟ್ಟಿತು, ಹಣ ಮಾತ್ರ ಟ್ರಸ್ಟಿಗಳ ಕೈಗೆ. 1997ರಿಂದ ಅಲ್ಲಿ ಹೊಸ ಕಟ್ಟು ಹಾಕುವಂತಿಲ್ಲ.

ನಮ್ಮ ರಾಜ್ಯದ 1978ರ ಕಾಯಿದೆಯದು ಬೇರೆಯೇ ಕಟ್ಟು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ವಾರಸುದಾರನೂ ಪೂರ್ವಾನುಮತಿಯಿಲ್ಲದೆ ಮಾರಕೂಡದು. ಮಾರಿದರೆ ಕ್ರಯ ಅನೂರ್ಜಿತ. ಭೂಮಿಯನ್ನು ಮರಳಿ ಕೇಳಬಹುದು. ಹಾಗೆ ಕೇಳಲು ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಹೇಳಿತು. ಸಾಹುಕಾರನಿಂದ ಬಡವನನ್ನು ಕಾಯುವ ಈ ಕಟ್ಟು ಉಳಿಯಲೇಬೇಕು.

ಆದರೆ ಮನೆಯಲ್ಲಿ ಕಾಯಿಲೆ ಬಿದ್ದವನಿಗೆ ಮಾರಬೇಡವೆಂದಷ್ಟೇ ಹೇಳಿದರೆ ಹೊಟ್ಟೆ ತುಂಬದು. ಅವನಿಗೆ ಸಹಕಾರ ಸಂಘದ ಸಾಲ ಸಿಗಬೇಕು, ಅನುಮತಿಯ ಅರ್ಜಿ ಕಚೇರಿಯಲ್ಲಿ ಕೊಳೆಯಬಾರದು. ಚಿಲ್ಲರೆ ವ್ಯಾಪಾರಿ ಬಂಧುಗಳೇ, ನೆಲ ಕೊಳ್ಳುವ ಮುನ್ನ ಮೂಲ ಮಂಜೂರಾತಿ ನೋಡಿ. ಬೆವರಿನ ಹಣ ಕಳೆದುಕೊಳ್ಳಬೇಡಿ.

ದೊಡ್ಡಮನೆಯನ್ನು ಕಾಯುವ ಕಟ್ಟು ಬಿಚ್ಚಲಿ. ಬಡವನ ಹೊಲದ ಬೇಲಿ ನಿಲ್ಲಲಿ.