ಕಲಬುರಗಿ: ಹಲವು ನುಡಿಗಳ ರಾಜಧಾನಿ

(ಭಾಗ್ಯನಗರದಲ್ಲಿ ನೇಕಾರ ಬಂಧುಗಳ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಾಠ)



ನಮ್ಮ ಮನೆಯ ಟ್ರಂಕಿನಲ್ಲಿ ಮುತ್ತಜ್ಜನ ಕಾಲದ ಹೊಲದ ಕಾಗದವೊಂದಿದೆ. ಹೊಲ ನಮ್ಮದು, ಕಾಗದ ಮಾತ್ರ ಉರ್ದುವಿನಲ್ಲಿದೆ. ಮನೆಯಲ್ಲಿ ಯಾರಿಗೂ ಅದನ್ನು ಓದಲು ಬರುವುದಿಲ್ಲ. ಕೊನೆಗೆ ಓದಿ ಹೇಳಿದವರು ಕೊಪ್ಪಳದ ಒಬ್ಬ ವೃದ್ಧ ಮಾಸ್ತರರು. ಇಂಥ ಕಾಗದ ನಿಮ್ಮ ಮನೆಗಳಲ್ಲೂ ಇದ್ದೀತು. 1948ರ ಸೆಪ್ಟೆಂಬರ್‌ವರೆಗೆ ನಮ್ಮ ಹಿರಿಯರು ನಿಜಾಮರ ಪ್ರಜೆಗಳು. ಕೊಪ್ಪಳ, ಯಲಬುರ್ಗಾ ಸೀಮೆ ಸಾಲಾರ್ ಜಂಗರ ಜಹಗೀರು. ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ.

ಈ ಎರಡು ಭಾಷೆಯ ಬದುಕು ಅರ್ಥವಾಗಬೇಕಾದರೆ ನಮ್ಮ ವಿಭಾಗದ ಕೇಂದ್ರವಾದ ಕಲಬುರಗಿಯನ್ನು ನೋಡಬೇಕು. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯಕ್ಕೆ ಅದು ರಾಜಧಾನಿಯಾಯಿತು. ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಮಾಡು. ದೆಹಲಿಯಿಂದ ಬಂದ ಸೂಫಿ ಸಂತ ಖ್ವಾಜಾ ಬಂದೇ ನವಾಜರು 1422ರಲ್ಲಿ ಇಲ್ಲಿಯೇ ದೇಹವಿಟ್ಟರು. ಮುಂದೆ ರಾಜಧಾನಿ ಬೀದರಿಗೆ ಹೋಯಿತು. ಆದರೆ ಊರು ಬರಿದಾಗಲಿಲ್ಲ. ದಾಸೋಹದ ಶರಣಬಸವೇಶ್ವರರು 1822ರಲ್ಲಿ ಲಿಂಗೈಕ್ಯರಾದದ್ದೂ ಇಲ್ಲಿಯೇ. ದರ್ಗಾದ ಉರುಸಿಗೂ ಅಪ್ಪನ ಜಾತ್ರೆಗೂ ಎಲ್ಲ ಜಾತಿ ಮತದ ಜನ ಸೇರುತ್ತಾರೆ. 2009ರಲ್ಲಿ ಬುದ್ಧ ವಿಹಾರವೂ ಲೋಕಾರ್ಪಣೆಗೊಂಡಿತು. ಪೇಟೆಯಲ್ಲಿ ನಿಂತರೆ ಕನ್ನಡ, ದಖನಿ, ತೆಲುಗು, ಮರಾಠಿ ಕಿವಿಗೆ ಬೀಳುತ್ತವೆ.

ಗ್ರೀಸಿನ ಈಶಾನ್ಯ ಮೂಲೆಯಲ್ಲಿ ಕೊಮೊಟಿನಿ ಎಂಬ ಊರಿದೆ. ಅದೂ ಒಂದು ಪ್ರಾಂತದ ರಾಜಧಾನಿ. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಧರ್ಮದ ಆಧಾರದ ಮೇಲೆ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಅದಲುಬದಲು ಮಾಡಿಕೊಂಡವು. ಆ ಸೀಮೆಯ ಮುಸ್ಲಿಮರಿಗೆ ವಿನಾಯಿತಿ ಸಿಕ್ಕಿತು. ಹಾಗಾಗಿ ಅಲ್ಲಿ ಚರ್ಚಿನ ಗಂಟೆಯೂ ಅಜಾನೂ, ಗ್ರೀಕ್ ಭಾಷೆಯೂ ತುರ್ಕಿಯೂ ಉಳಿದಿವೆ. ಅಲ್ಲಿ ಜೊತೆಗಿರುವ ಹಕ್ಕು ಒಪ್ಪಂದದಲ್ಲಿ ಬರೆದದ್ದು.

ನಮ್ಮಲ್ಲಿ? ಇಲ್ಲಿ ಎಲ್ಲವೂ ಸದಾ ಸೌಹಾರ್ದವಾಗಿತ್ತೆಂದರೆ ಅದು ಅರ್ಧ ಸತ್ಯ. ರಜಾಕಾರರ ಹಾವಳಿಯನ್ನು ನಮ್ಮ ಹಿರಿಯರು ಕಣ್ಣಾರೆ ಕಂಡರು. ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೂ ಭೀಕರ ಹಿಂಸೆ ನಡೆಯಿತು. ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಕಲಬುರಗಿಯನ್ನೂ ಹೆಸರಿಸಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಎರಡೂ ಕಡೆಯ ನೋವನ್ನು ಒಟ್ಟಿಗೆ ಹೇಳದಿದ್ದರೆ, ಒಂದೊಂದು ಮನೆ ತನ್ನ ನೋವನ್ನಷ್ಟೇ ಮಕ್ಕಳಿಗೆ ಹೇಳಿಕೊಡುತ್ತದೆ.

ಇದಕ್ಕೇ ನಾನು ಕಾಗದದ ಮಾತೆತ್ತಿದ್ದು. ಜಮೀನು, ವಕೀಲ, ತಹಸೀಲು, ದಾಖಲೆ ಎಂದು ದಿನವೂ ಆಡುವ ನಾವು ಆ ಮಾತುಗಳು ಬಂದ ಲಿಪಿಯನ್ನು ಮಾತ್ರ ಮರೆತೆವು. ಓದಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನೇಯುವವರಿಗೆ ನಾನು ಹೇಳಬೇಕಾಗಿಲ್ಲ: ಹಾಸು ಒಂದೇ ಇದ್ದರೆ ಸೀರೆಯಾಗದು, ಹೊಕ್ಕೂ ಬೇಕು. ಈ ದೀಪಾವಳಿಗೆ ಮನೆ ಸಾರಿಸುವಾಗ ಟ್ರಂಕು ತೆರೆಯಿರಿ. ಅಂಥ ಕಾಗದ ಸಿಕ್ಕರೆ ರದ್ದಿಗೆ ಹಾಕಬೇಡಿ. ನೆರೆಯ ಹಿರಿಯರ ಬಳಿ ಒಯ್ದು ಓದಿಸಿ, ಪಕ್ಕದಲ್ಲಿ ಮಕ್ಕಳನ್ನೂ ಕೂರಿಸಿಕೊಳ್ಳಿ.