ಒಡ್ಡು ಒಡೆದ ದಿನವನ್ನು ಬರೆದಿಡಿ

ಗದಗ ಸೀಮೆಯ ಮುಂಡರಗಿ ಕಡೆಯ ಎರೆಹೊಲಕ್ಕೆ ಪಕ್ಕದವರ ಜೆಸಿಬಿ ನುಗ್ಗಿ ಒಡ್ಡು ಒಡೆಯಿತು, ಇಲ್ಲವೆ ಬೆಟಗೇರಿಯ ಓಣಿಯಲ್ಲಿ ಹೊಸ ಮನೆಗೆ ಪಾಯ ಅಗೆಯುವಾಗ ನೆರೆಮನೆಯ ಗೋಡೆ ಬಿರಿಯಿತು ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಮೊದಲು ಹಿರಿಯರು ಕೂಡುತ್ತಾರೆ. ‘ಸುಗ್ಗಿ ಮುಗಿಯಲಿ, ಕಟ್ಟಿಸಿಕೊಡ್ತೀನಿ’ ಎಂಬ ಮಾತಾಗುತ್ತದೆ. ಸುಗ್ಗಿಯ ಮೇಲೆ ಸುಗ್ಗಿ ಕಳೆಯುತ್ತದೆ. ಆದರೆ ಬಾಯಿಮಾತಿನ ರಾಜಿಯಿಂದ ಕಾನೂನಿನ ಗಡುವು ಒಂದು ದಿನವೂ ಮುಂದೆ ಹೋಗುವುದಿಲ್ಲ. ಒಂದು ಕಾಲಕ್ಕೆ ಗದಗ ಮುಂಬಯಿ ಪ್ರಾಂತದಲ್ಲಿತ್ತು, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಇಂದು ಈ ಎಲ್ಲ ಊರುಗಳಿಗೂ ಗಡುವಿನ ಲೆಕ್ಕ ಒಂದೇ, 1963ರ ಕಾಲಮಿತಿ ಕಾಯ್ದೆಯದು. ಹೊಲಮನೆಗೆ ಅತಿಕ್ರಮವಾಗಿ ನುಗ್ಗಿದ್ದಕ್ಕೆ ಪರಿಹಾರ ಕೇಳಲು ನುಗ್ಗಿದ ದಿನದಿಂದ 3 ವರ್ಷ. ದಾರಿಗೋ ಹರಿಯುವ ನೀರಿಗೋ ಅಡ್ಡ ಕಟ್ಟಿದರೂ, ಟ್ರ್ಯಾಕ್ಟರು ಕೂರಿಗೆಗಳನ್ನು ಕೆಡಿಸಿದರೂ ಅಷ್ಟೇ. ‘12 ವರ್ಷ ಐತಲ್ಲ’ ಎನ್ನುವವರು ಕಳೆದುಹೋದ ಸ್ವಾಧೀನವನ್ನು ಮರಳಿ ಕೇಳುವ ದಾವೆಯ ಗಡುವನ್ನು ನಷ್ಟಪರಿಹಾರಕ್ಕೂ ಹಚ್ಚುತ್ತಾರೆ. ಯಾವುದೋ ಕಾಯ್ದೆಯ ಅಧಿಕಾರದಡಿ ನಡೆದ ಕೆಲಸದಿಂದ ಹಾನಿಯಾಯಿತೆಂಬ ದಾವೆಗಂತೂ ಒಂದೇ ವರ್ಷ.

ಹಾಗಾದರೆ ಮೂರು ವರ್ಷ ನುಣುಚಿಕೊಂಡವನು ಗೆದ್ದಂತಲ್ಲವೇ ಎಂದು ಕೇಳಬಹುದು. ಎರೆಮಣ್ಣನ್ನೇ ನೋಡಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ನಾಲ್ಕು ಮಳೆಗಾಲ ದಾಟಿದ ಮೇಲೆ ಒಡ್ಡು ಜೆಸಿಬಿಯಿಂದ ಹೋಯಿತೋ ನೀರಿಗೆ ಕೊಚ್ಚಿತೋ ಹೇಳುವವರಾರು? ಗಡುವು ಕಾಯುವುದು ತಪ್ಪಿತಸ್ಥನನ್ನಲ್ಲ, ಸಾಕ್ಷ್ಯವನ್ನು. ನಿಜವಾದ ಅಡಚಣೆಗೆ ಕಾಯ್ದೆ ಕುರುಡೂ ಅಲ್ಲ. ಮೋಸದಿಂದ ಮುಚ್ಚಿಟ್ಟಿದ್ದರೆ ಮೋಸ ತಿಳಿದ ದಿನದಿಂದ ಎಣಿಕೆ. ಹಕ್ಕುದಾರ ಅಪ್ರಾಪ್ತನಾಗಿದ್ದರೆ ವಯಸ್ಸಿಗೆ ಬಂದ ಮೇಲೆ ಎಣಿಕೆ. ನೀರು ತಿರುಗಿಸಿ ಮಳೆಮಳೆಗೂ ಹೊಲಕ್ಕೆ ನುಗ್ಗಿಸುತ್ತಿದ್ದರೆ ಅದು ಮುಂದುವರಿಯುವ ತಪ್ಪು, ಅವಧಿಯೂ ಹೊಸದಾಗುತ್ತ ಹೋಗುತ್ತದೆ. ಗೋಡೆ ಕೆಡವಿದ್ದು ಮಾತ್ರ ಒಂದು ದಿನದ ಕೆಲಸ. ಗಡುವು ಮೀರಿದರೆ ಎದುರಾಳಿ ಸುಮ್ಮನಿದ್ದರೂ ನ್ಯಾಯಾಲಯ ದಾವೆಯನ್ನು ವಜಾ ಮಾಡಲೇಬೇಕು. ತಡವಾದುದನ್ನು ಮನ್ನಿಸುವ 5ನೇ ಕಲಮು ಮೇಲ್ಮನವಿಗೂ ಅರ್ಜಿಗಳಿಗೂ ಉಂಟು, ದಾವೆಗಿಲ್ಲ.

ಕೋರ್ಟು ಹತ್ತಿದರೆ ನೆರೆಹೊರೆ ಮುರಿಯುತ್ತದೆ ಎಂಬ ಅಳುಕು ಸುಳ್ಳಲ್ಲ. ಆದರೆ ದಾವೆ ಹೂಡಿದ ಮೇಲೂ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಹಾಗಾದರೆ ಕಟ್ಟಿದ ಕೋರ್ಟ್ ಶುಲ್ಕ ಮರಳಿಸಲು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲೇ ಅವಕಾಶವಿದೆ. ದಾವೆ ಹೂಡಿದವನಿಗೆ ರಾಜಿಯ ಬಾಗಿಲೂ ತೆರೆದಿರುತ್ತದೆ. ಗಡುವು ಕಳೆದುಕೊಂಡವನು ಎದುರಿನವನ ದೊಡ್ಡಮನಸ್ಸನ್ನೇ ಕಾಯಬೇಕು. ಆದ್ದರಿಂದ ಹಿರಿಯರನ್ನು ಕೂಡಿಸಿರಿ, ಬೇಡವೆನ್ನುವುದಿಲ್ಲ. ಕೂಡುವ ಮೊದಲು ಹಾನಿಯ ಫೋಟೋ ತೆಗೆದು, ಒಡ್ಡು ಒಡೆದ ತಾರೀಖನ್ನು ಕಾಗದದ ಮೇಲೆ ಬರೆದು ಕಿಸೆಯಲ್ಲಿಟ್ಟುಕೊಂಡಿರಿ.