ಮರಕ್ಕೆ ಬಳಿದ ಸುಣ್ಣ ಮನೆಗೂ ಇರಲಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ನಾನು ತುಮಕೂರಿನಲ್ಲಿ ಕಟ್ಟಡ ಕೆಲಸ ಮಾಡಿಸುತ್ತಾ ಬದುಕು ಕಂಡವನು. ಗುಬ್ಬಿ, ಕುಣಿಗಲ್ ಕಡೆಯೂ ಮನೆಗಳನ್ನು ಕಟ್ಟಿಸಿದ್ದೇನೆ. ಇಂದು ನನ್ನದೇ ಒಂದು ತಪ್ಪಿನಿಂದ ಮಾತು ಶುರು ಮಾಡುತ್ತೇನೆ.

ನಮ್ಮದು ಹಳೆಯ ಮಣ್ಣಿನ ಮಾಳಿಗೆ ಮನೆ. ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದೆ. ಮೊದಲ ಬೇಸಿಗೆಯಲ್ಲೇ ಅವ್ವ ಚಾಪೆ ಎತ್ತಿಕೊಂಡು ಜಗಲಿಗೆ ಬಂದಳು. "ಮನೆ ಚೆನ್ನಾಗೈತೆ ಕಣಪ್ಪ, ರಾತ್ರಿ ಮಾತ್ರ ಒಲೆ ಮುಂದೆ ಮಲಗಿದಂಗಾಗ್ತದೆ" ಎಂದಳು.

ಅವಳು ಹೇಳಿದ್ದು ನಿಜ. ತಾರಸಿ ಹಗಲೆಲ್ಲ ಬಿಸಿಲನ್ನು ಹೀರುತ್ತದೆ. ಆ ಕಾವು ನಿಧಾನವಾಗಿ ಕೆಳಗಿಳಿದು ಸಂಜೆಯ ಮೇಲೆ ಒಳಗೆ ಬರುತ್ತದೆ. ಫ್ಯಾನ್ ಹಾಕಿದರೆ ಬಿಸಿಗಾಳಿ, ಏಸಿ ಹಾಕಿದರೆ ಕರೆಂಟ್ ಬಿಲ್ಲಿನ ಬಿಸಿ.

ಉಪಾಯ ನಮ್ಮ ತೋಟದಲ್ಲೇ ಇತ್ತು. ಪಡುವಣ ಬಿಸಿಲಿಗೆ ಅಡಿಕೆ ಮರ ಬೇಯದಿರಲೆಂದು ಕಾಂಡಕ್ಕೆ ಸುಣ್ಣ ಬಳಿಯುತ್ತೇವಲ್ಲ! ಮರಕ್ಕೆ ತೋರಿಸಿದ ಕಾಳಜಿಯನ್ನು ನಾನು ಅವ್ವನಿಗೆ ತೋರಿಸಿರಲಿಲ್ಲ. ಹಳೆಯ ಬೂದು ಕಾಂಕ್ರೀಟ್ ಬಿಸಿಲಿನ ಅರ್ಧಕ್ಕಿಂತ ಹೆಚ್ಚು ಭಾಗ ಹೀರಿದರೆ, ಹೊಸದಾಗಿ ಬಳಿದ ಬಿಳಿ ಸುಣ್ಣ ಸುಮಾರು ಮುಕ್ಕಾಲು ಭಾಗವನ್ನು ಹಿಂದಕ್ಕೆ ಕಳಿಸುತ್ತದೆ.

"ಜಿಂಕ್ ಶೀಟೂ ಹೊಳೆಯುತ್ತದಲ್ಲ, ಅದೇಕೆ ಸುಡುತ್ತದೆ?" ಎಂದು ಮಕ್ಕಳು ಕೇಳಬಹುದು. ಬೆಳಕನ್ನು ಹಿಂದಿರುಗಿಸುವುದು ಒಂದು ಗುಣ, ಹೀರಿದ ಕಾವನ್ನು ಆಕಾಶಕ್ಕೆ ಹೊರಸೂಸುವುದು ಇನ್ನೊಂದು. ಬರಿಯ ಲೋಹಕ್ಕೆ ಎರಡನೆಯದು ಕಡಿಮೆ; ಸುಣ್ಣಕ್ಕೆ ಎರಡೂ ಉಂಟು. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಸೂರಿಗೆಂದೇ ಒಂದು ನೀತಿ ತಂದಿದೆ.

ಮರುವರ್ಷ ನಾನೂ ಬಳಿಸಿದೆ. ಮನೆ ಮಾಳಿಗೆಯಷ್ಟು ತಂಪಾಗಲಿಲ್ಲ. ಆದರೆ ಅವ್ವನ ಚಾಪೆ ಒಳಗೆ ಬಂತು.

ಕೆಲಸ ಸುಲಭ. ಶಿವರಾತ್ರಿಯ ಹೊತ್ತಿಗೆ ತಾರಸಿ ಗುಡಿಸಿ, ಪಾಚಿ ಉಜ್ಜಿ, ಬಿರುಕು ಮುಚ್ಚಿ, ಸೋಸಿದ ಸುಣ್ಣಕ್ಕೆ ಗೋಂದು ಬೆರೆಸಿ ಎರಡು ಸಲ ಬಳಿಯಿರಿ. ಸುಣ್ಣ ಕಣ್ಣಿಗೆ ಅಪಾಯ, ಆದ್ದರಿಂದ ಕನ್ನಡಕ ಹಾಕಿಕೊಂಡ ದೊಡ್ಡವರೇ ಈ ಕೆಲಸ ಮಾಡಲಿ. ಹಳೆಯ ಸಿಮೆಂಟ್ ಶೀಟಿನ ಮೇಲೆ ಕಾಲಿಡಬೇಡಿ, ಅದನ್ನು ಉಜ್ಜಲೂಬೇಡಿ. ಮಳೆಗೆ ಸುಣ್ಣ ತೊಳೆದುಹೋಗುತ್ತದೆ, ವರ್ಷವರ್ಷವೂ ಬಳಿಯಬೇಕು. ಬಹಳ ವರ್ಷ ಬಾಳುವ ಬಿಳಿ ಪೇಂಟೂ ಸಿಗುತ್ತದೆ, ಬೆಲೆ ಹೆಚ್ಚು. ಗೋಡೆ, ಕಿಟಕಿಯಿಂದ ಬರುವ ಕಾವನ್ನು ಮಾತ್ರ ಇದು ತಡೆಯದು. ಅದಕ್ಕೆ ಮರದ ನೆರಳೇ ಬೇಕು.

ಹತ್ತನೇ ತರಗತಿಯ ಮಕ್ಕಳು ಓದುವುದು, ಪರೀಕ್ಷೆ ಬರೆಯುವುದು ಬೇಸಿಗೆಯ ಬಿಸಿಲಲ್ಲೇ. ಕಮಾನು, ಫ್ಲೆಕ್ಸು ನಾಳೆ ಇಳಿಯುತ್ತವೆ. ಆ ಕೊಠಡಿಗಳ ತಾರಸಿಗೆ ಈ ವರ್ಷದ ಸುಣ್ಣ, ಆಳಿನ ಖರ್ಚು ನನ್ನದು. ಮುಂದಿನ ವರ್ಷಕ್ಕೆ ಯಾರು ಕೈ ಎತ್ತುತ್ತೀರಿ?